ಕಪ್ಪು ಮೂರರ ಭಾಗವತರು

ಮುರಾರಿ ಭಾಗವತರ ಮಾತು ಕೇಳಬೇಕಾದವರು ತಮ್ಮ ಕಿವಿಯನ್ನು ಅವರ ಬಾಯಿಯ ಹತ್ತಿರಕ್ಕೆ ಒಯ್ಯಬೇಕಾಗಿತ್ತು. ಡೊಂಬಿವಲಿ ಸ್ಟೇಷನ್ನಿನ ಹೊರಗೆ, ರಿಕ್ಷಾಗಳ ಹಾರ್ನು, ತರಕಾರಿಯವರ ಕೂಗು, ಸೇತುವೆಯ ಮೇಲಿನಿಂದ ತೇಲಿಬರುವ ಗಾಡಿಗಳ ಘೋಷಣೆ, ಇವೆಲ್ಲದರ ನಡುವೆ ನಿಂತು ಅವರು ಬೆಂಡೆಕಾಯಿಯ ದರ ಕೇಳಿದರೆ ಮಾರುವವಳಿಗೆ ಕಾಣುತ್ತಿದ್ದುದು ತುಟಿಯ ಅಲುಗಾಟ ಮಾತ್ರ. "ಕಾಯ್ ಮ್ಹಣಾಲಾ, ಕಾಕಾ?" ಎಂದು ಅವಳು ಮತ್ತೆ ಮತ್ತೆ ಕೇಳುವಳು, ಇವರು ಪ್ರತಿಸಲವೂ ಅದೇ ಪಿಸುದನಿಯಲ್ಲಿ ಉತ್ತರಿಸುವರು, ಕೊನೆಗೆ ಬೆರಳು ತೋರಿಸಿ ವ್ಯವಹಾರ ಮುಗಿಯುವುದು. ಮೈಕು ಕೈಕೊಟ್ಟ ದಿನ ಸಭಾಗೃಹದ ಕಟ್ಟಕಡೆಯ ಕುರ್ಚಿಯವರೆಗೆ ಸ್ವರ ಮುಟ್ಟಿಸಿದ ಗಂಡಸು ಇವರೇ ಎಂದು ಹೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ದೇವರು ಒಬ್ಬೊಬ್ಬನಿಗೂ ಇಷ್ಟೇ ಧ್ವನಿ ಎಂದು ಅಳೆದು ಕೊಟ್ಟು ಕಳಿಸುತ್ತಾನೆ, ಅದನ್ನು ಬೆಂಡೆಕಾಯಿಗೆ ಖರ್ಚುಮಾಡಿದರೆ ಪದ್ಯಕ್ಕೆ ಎಲ್ಲಿಂದ ತರುವುದು ಎಂಬುದು ಅವರ ಸಿದ್ಧಾಂತವಾಗಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು ನಾವೆಲ್ಲ ಮಕ್ಕಳಿಗೆ ಹೇಳಿ ಮರೆಯುತ್ತೇವೆ. ಅದನ್ನು ಅಕ್ಷರಶಃ ನಂಬಿ ಬಾಳಿದವರೆಂದರೆ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಇವರೊಬ್ಬರೇ.

ನಮ್ಮದೇ ಕಟ್ಟಡದ ಎರಡನೆಯ ಮಾಳಿಗೆಯಲ್ಲಿ ಅವರ ವಾಸ. ಮೇ ತಿಂಗಳ ಧಗೆಯಲ್ಲಿ, ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಬೀಸುವ ಗಾಳಿ ಮೂಗು ಸುಡುವ ದಿನಗಳಲ್ಲಿ, ಜನ ಬನಿಯನ್ನಿನಲ್ಲಿ ಬಾಲ್ಕನಿಗೆ ಬಂದು ನಿಂತಾಗಲೂ ಅವರ ಕುತ್ತಿಗೆಯಲ್ಲಿ ಕಂದುಬಣ್ಣದ ಒಂದು ಉಣ್ಣೆಯ ಮಫ್ಲರ್ ಇರುತ್ತಿತ್ತು. ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತವರಂತೆ ಕತ್ತನ್ನು ಅಲುಗಿಸದೆ, ಭುಜವನ್ನು ತೂಗದೆ, ನೆಲವನ್ನು ನೋಡದೆ ನಡೆಯುವರು. ಯಾರಾದರೂ ಹಿಂದಿನಿಂದ ಕರೆದರೆ ಕತ್ತು ತಿರುಗಿಸುವ ಬದಲು ಇಡೀ ದೇಹವನ್ನೇ ತಿರುಗಿಸುವರು. ಮೊಸರಿಲ್ಲ, ಕರಿದದ್ದಿಲ್ಲ, ಫ್ರಿಜ್ಜಿನ ನೀರಿಲ್ಲ. ಮದುವೆಯ ಊಟದಲ್ಲಿ ಐಸ್‌ಕ್ರೀಮಿನ ಬಟ್ಟಲು ಎದುರಿಗೆ ಬಂದರೆ ಹಾವನ್ನು ಕಂಡವರಂತೆ ಕುರ್ಚಿಯನ್ನು ಹಿಂದಕ್ಕೆ ಸರಿಸುವರು. ಒತ್ತಾಯಿಸಿದವರಿಗೆ ಸಿಗುತ್ತಿದ್ದ ಉತ್ತರ ಒಂದೇ, "ಮತ್ತೆ ನೋಡುವ." ಆಹ್ವಾನಕ್ಕೂ ಅದೇ, ಬೇಡಿಕೆಗೂ ಅದೇ, ಜಗಳಕ್ಕೂ ಅದೇ. ಹೌದೂ ಆಗದ, ಅಲ್ಲವೂ ಆಗದ ಆ ಎರಡು ಶಬ್ದಗಳ ಹಿಂದೆ ಒಂದು ಇಡೀ ಆಯುಷ್ಯ ಅಡಗಿ ಕುಳಿತಿತ್ತು ಎಂಬುದು ನಮಗೆ ತಡವಾಗಿ ತಿಳಿಯಿತು.

ಯಕ್ಷಗಾನದಲ್ಲಿ ಭಾಗವತ ಎಂದರೆ ಹಾಡುವವನು, ಆಡಿಸುವವನೂ ಅವನೇ. ರಾಜರು, ರಾಕ್ಷಸರು, ದೇವತೆಗಳು ಎಷ್ಟೇ ಎತ್ತರದ ಕಿರೀಟ ಇಟ್ಟು ಬಂದರೂ ಅವನು ಜಾಗಟೆಗೆ ಕೋಲು ತಾಗಿಸಿ ಸ್ವರ ಎತ್ತಿದ ಮೇಲೆಯೇ ಅವರ ಕಾಲು ಏಳಬೇಕು. ಅವನ ತಲೆಯ ಮೇಲಿನ ಮುಂಡಾಸು ಆ ಅಧಿಕಾರದ ಗುರುತು. ಮುರಾರಿಯವರಿಗೆ ಆ ಮುಂಡಾಸನ್ನು ಸುತ್ತಿದವರು ಕಾರ್ಕಳದ ಕಡೆಯ ಚೆನ್ನಯ ಭಾಗವತರು. ಸುತ್ತುವಾಗ ಒಂದು ಮಾತನ್ನೂ ಅದರೊಳಗೆ ಸುತ್ತಿ ಕೊಟ್ಟಿದ್ದರಂತೆ. "ಮಗಾ, ನಿನ್ನ ಸ್ವರ ಕಪ್ಪು ಮೂರರದ್ದು. ಶ್ರುತಿ ಇಳಿಸುವ ದಿನ ಬಂದ್ರೆ ಮೊದಲು ಮುಂಡಾಸು ಇಳಿಸು. ಮತ್ತೆ ಬೇಕಾದ್ರೆ ಮನೆಯಲ್ಲಿ ಕೂತು ಹಾಡು." ಕಪ್ಪು ಮೂರು ಎಂದರೆ ಹಾರ್ಮೋನಿಯಮ್ಮಿನ ಮೂರನೆಯ ಕಪ್ಪು ಮನೆ, ಗಂಡಸಿನ ಗಂಟಲಿಗೆ ಬಲು ಎತ್ತರದ ಜಾಗ. ಅಲ್ಲಿ ನಿಂತು ತಾರಷಡ್ಜ, ಅಂದರೆ ಮೇಲಿನ ಸ, ಹಿಡಿಯುವುದೆಂದರೆ ತೆಂಗಿನ ಮರದ ತುದಿಯಲ್ಲಿ ನಿಂತು ಮತ್ತೆ ಮೇಲಕ್ಕೆ ಕೈಚಾಚಿದ ಹಾಗೆ. ಪ್ರಾಯ ಸಂದಂತೆ ಎಲ್ಲ ಭಾಗವತರೂ ಒಂದೊಂದೇ ಮನೆ ಕೆಳಗಿಳಿಯುತ್ತಾರೆ, ಯಾರೂ ಅದನ್ನು ಪಾಪ ಎನ್ನುವುದಿಲ್ಲ. ಮುರಾರಿಯವರ ಪಾಲಿಗೆ ಅದು ಪಾಪವಾಗಿತ್ತು.

ಮೀಸೆ ಚಿಗುರುವ ವಯಸ್ಸಿನಲ್ಲಿ ಅವರು ಥಾಣೆಗೆ ಬಂದದ್ದು ಸೋದರಮಾವನ ಸಸ್ಯಾಹಾರಿ ಹೋಟೆಲಿನ ಗಲ್ಲಾಕ್ಕೆ. ಗಿರಾಕಿ ಕೇಳಿದ್ದಕ್ಕೆ ಉತ್ತರವೇ ಹೊರಡದ ಹುಡುಗನನ್ನು ಗಲ್ಲಾದಲ್ಲಿ ಕೂರಿಸಿ ಮಾವ ಆರು ತಿಂಗಳು ತಲೆ ಚಚ್ಚಿಕೊಂಡರು, ಆಮೇಲೆ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಸ್ಟೋರ್ ವಿಭಾಗಕ್ಕೆ ಸೇರಿಸಿ ಕೈತೊಳೆದುಕೊಂಡರು. ನಟ್ಟು, ಬೋಲ್ಟು, ಗ್ರೀಸಿನ ಡಬ್ಬಗಳಿಗೆ ಮಾತಿನ ಅಗತ್ಯವಿಲ್ಲವಷ್ಟೆ, ಅಲ್ಲಿ ಅವರು ನಿವೃತ್ತರಾಗುವವರೆಗೂ ಸುಖವಾಗಿದ್ದರು. ಸಹೋದ್ಯೋಗಿಗಳು 'ಮೌನಿಬಾಬಾ' ಎಂದು ಹೆಸರಿಟ್ಟಿದ್ದರು. ಭಾನುವಾರಗಳಂದು ಕಲ್ಯಾಣದಲ್ಲೋ, ಐರೋಲಿಯಲ್ಲೋ, ವಾಶಿಯಲ್ಲೋ ಇಲ್ಲಿನ ಯಕ್ಷಗಾನ ಮಂಡಳಿಯ ಆಟವಿದ್ದಾಗ ಈ ಮೌನಿಬಾಬಾ ಜಾಗಟೆ ಹಿಡಿದು ಬಾಯಿ ತೆರೆದರೆ, ಊರು ಬಿಟ್ಟು ಬಂದು ಇಡ್ಲಿ ಬೇಯಿಸುವವರೂ, ಬ್ಯಾಂಕಿನಲ್ಲಿ ಮುದ್ರೆ ಒತ್ತುವವರೂ ಕಣ್ಣೊರೆಸಿಕೊಳ್ಳುತ್ತಿದ್ದರು ಎಂಬ ಸುದ್ದಿ ಆ ಕಾರ್ಖಾನೆಗೆ ಕೊನೆಯವರೆಗೂ ಮುಟ್ಟಲಿಲ್ಲ.

ಸಾಧನೆ ಎಲ್ಲಿ ಮಾಡುತ್ತೀರಿ ಎಂದು ಕೇಳಿದವರಿಗೆ ಅವರು ಉತ್ತರ ಕೊಟ್ಟವರಲ್ಲ. ಗೋಡೆಗೆ ಗೋಡೆ ಅಂಟಿದ ಫ್ಲ್ಯಾಟಿನಲ್ಲಿ ಮುಂಜಾವಿಗೆ ಕಪ್ಪು ಮೂರನ್ನು ಎತ್ತಿದರೆ ನೆರೆಯವರು ವಾಚ್‌ಮನ್ನನ್ನು ಕರೆಯುತ್ತಾರೆ. ಖಾಲಿ ಬಯಲೆಂಬುದು ಡೊಂಬಿವಲಿಯಲ್ಲಿ ಎಂದೋ ಮಾರಾಟವಾಗಿ ಹೋಗಿದೆ. ಆದರೆ ಮನಸ್ಸಿದ್ದವನಿಗೆ ಮಾರ್ಗವಿದೆ. ಡೊಂಬಿವಲಿಯಿಂದ ಥಾಣೆಗೆ ಹೋಗುವ ಫಾಸ್ಟ್ ಲೋಕಲ್ ಆ ಕಾಲದಲ್ಲಿ ಪಾರ್ಸಿಕ್ ಗುಡ್ಡವನ್ನು ಕೊರೆದ ಸುರಂಗದಲ್ಲಿ ನುಗ್ಗಿ ಹೋಗುತ್ತಿತ್ತು. ಬಾಗಿಲಲ್ಲಿ ಜೋತುಬಿದ್ದವರ ಮಾತು, ಭಜನೆಯ ಗುಂಪಿನ ತಾಳ, ಇಸ್ಪೀಟಿನವರ ಗಲಾಟೆ ಎಲ್ಲವನ್ನೂ ಸುರಂಗದ ಮೊರೆತ ಒಮ್ಮೆಲೇ ನುಂಗಿಹಾಕುತ್ತಿತ್ತು. ಆ ಕತ್ತಲೆಯಲ್ಲಿ, ಬೆವರಿದ ಭುಜಗಳ ನಡುವೆ ಒತ್ತಿ ನಿಂತ ಮುರಾರಿಯವರು ಮಫ್ಲರನ್ನು ಬೆರಳಿನಿಂದ ತುಸು ಸಡಿಲಿಸಿ ತಮ್ಮ ಸ್ವರವನ್ನು ಬಿಚ್ಚುತ್ತಿದ್ದರು. ನೂರಾರು ಜನರ ಮಧ್ಯೆ ಒಬ್ಬ ಮನುಷ್ಯ ಗಂಟಲು ಹರಿಯುವಷ್ಟು ಎತ್ತರದಲ್ಲಿ ಹಾಡುತ್ತಿದ್ದಾನೆ, ಮೈಗೆ ಮೈ ತಾಗಿದ ಇಬ್ಬರು ಮೂವರ ಹೊರತು ಯಾರಿಗೂ ಅದರ ಸುಳಿವಿಲ್ಲ. ಆಚೆ ಬಾಯಲ್ಲಿ ಬೆಳಕು ಹೊಳೆಯುವ ಹೊತ್ತಿಗೆ ಸ್ವರ ತಂತಾನೆ ಮಡಚಿಕೊಳ್ಳುವುದು, ಥಾಣೆಯಲ್ಲಿ ಮೌನಿಬಾಬಾ ಇಳಿಯುವರು. ನಿವೃತ್ತರಾದ ಮೇಲೂ ಅವರು ಪಾಸು ಮಾಡಿಸಿಕೊಂಡು ದಿನಾ ಬೆಳಿಗ್ಗೆ ಥಾಣೆಗೆ ಹೋಗಿ ಬರುತ್ತಿದ್ದರು. ಗಂಡ ಲೈಬ್ರರಿಗೆ ಹೋಗುತ್ತಾರೆಂದೇ ಹೆಂಡತಿ ಗಂಗಾ ತಿಳಿದಿದ್ದರು.

ಆ ಗಂಟಲು ತನ್ನ ಭರದಲ್ಲಿದ್ದ ಕಾಲದ ಒಂದು ಕಥೆಯನ್ನು ಹಳಬರು ಈಗಲೂ ಹೇಳುತ್ತಾರೆ. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಯ ಕಡೆಗೆ ಬಂದು ಹಾಲ್‌ಗಳಲ್ಲಿ ಆಟ ಆಡುವುದುಂಟಷ್ಟೆ; ಅಂಥದೊಂದು ಹೆಸರಾಂತ ಮೇಳದ ಭಾಗವತರು ಥಾಣೆಯಲ್ಲಿ ಜ್ವರ ಬಂದು ಮಲಗಿಬಿಟ್ಟರು. ಯಾರೋ ವಾಗ್ಳೆ ಎಸ್ಟೇಟಿಗೆ ಓಡಿಹೋಗಿ ಸ್ಟೋರಿನಿಂದ ಮುರಾರಿಯವರನ್ನು ಎಬ್ಬಿಸಿಕೊಂಡು ಬಂದರು. ಕೈಯ ಗ್ರೀಸು ಪೂರ್ತಿ ಹೋಗಿರಲಿಲ್ಲ, ಆ ಕೈಯಲ್ಲೇ ಜಾಗಟೆ ಹಿಡಿದರು. ಅಂದು ವೇಷಧಾರಿಗಳು ಕುಣಿತ ಮರೆತು ಅವರ ಬಾಯಿ ನೋಡುತ್ತ ನಿಂತರಂತೆ. ಆಟ ಮುಗಿದ ಮೇಲೆ ಮೇಳದ ಯಜಮಾನರು ಎಲ್ಲರ ಎದುರಿಗೆ ಅವರ ಕೈ ಹಿಡಿದು, "ನಮ್ಮೊಟ್ಟಿಗೆ ಬನ್ನಿ ಭಾಗವತ್ರೆ, ಬರುವ ತಿರುಗಾಟಕ್ಕೆ ನಿಮ್ಮದೇ ಜಾಗಟೆ" ಎಂದರು. ಕರಾವಳಿಯ ಯಾವ ಹಾಡುಗಾರನೂ ಕನಸಿನಲ್ಲಿ ಕೇಳಲು ಹಂಬಲಿಸುವ ಮಾತು ಅದು. ಮುರಾರಿಯವರು ಹೇಳಿದ್ದು, "ಮತ್ತೆ ನೋಡುವ." ಮನೆಯಲ್ಲಿ ಕೂಸು, ಕೈಯಲ್ಲಿ ಖಾಯಂ ನೌಕರಿ, ಬೆನ್ನಿಗೆ ಮಾವನ ಉಪಕಾರ, ಕಾರಣಗಳಿಗೇನು ಬರಗಾಲ? ಮರುವರ್ಷ ಮೇಳ ಬಂತು, ಯಜಮಾನರು ಕೇಳಲಿಲ್ಲ. ಅಂದಿನಿಂದ ಅವರಿಗೆ ಲೋಕದಲ್ಲಿ ತಮ್ಮದೆಂದು ಉಳಿದದ್ದು ಹಾರ್ಮೋನಿಯಮ್ಮಿನ ಆ ಒಂದು ಕಪ್ಪು ಮನೆ. ಹಟ ಹುಟ್ಟಿದ್ದು ಅಲ್ಲಿಂದ ಎಂದು ನನಗನ್ನಿಸುತ್ತದೆ.

ಹಟ ಎಂದರೆ ಎಂಥ ಹಟ! ಊರಿನಿಂದ ಬಂದಿದ್ದ ಒಬ್ಬ ವೃದ್ಧ ಭಾಗವತರು ಕಲ್ಯಾಣದ ಆಟದಲ್ಲಿ ಅರ್ಧಕ್ಕೆ ಉಸಿರು ಸಾಲದೆ ಶ್ರುತಿ ಇಳಿಸಿಕೊಂಡರು. ಮೊದಲ ಸಾಲಿನಲ್ಲಿ ಕುಳಿತಿದ್ದ ಮುರಾರಿಯವರು ಎದ್ದು, ಕತ್ತು ಅಲುಗಿಸದೆ, ಇಡೀ ಸಭೆ ನೋಡುತ್ತಿರುವಂತೆ ನಡುದಾರಿಯಲ್ಲಿ ನಡೆದು ಹೊರಗೆ ಹೋದರು. ಬಾಗಿಲ ಬಳಿ ಯಾರೋ ತಡೆದಾಗ, "ಅವರು ಇಳಿಸಿದ್ದು ಮರ್ಯಾದೆಯನ್ನು" ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಅಷ್ಟು ದೂರ ಕೇಳಿಸಿದ್ದು ಅದೊಂದೇ ಸಲ. ಆಟವಾದ ಮೇಲೆ ಆ ಹಿರಿಯರು ಹೊರಗೆ ಬಂದು, ಸ್ವಲ್ಪವೂ ಸಿಟ್ಟಿಲ್ಲದೆ, ಇವರ ಭುಜದ ಮೇಲೆ ಕೈಯಿಟ್ಟು ಹೇಳಿದರು: "ಎದ್ದು ಹೋದ್ಯಲ್ಲ, ತೊಂದ್ರೆ ಇಲ್ಲ ಮಗಾ. ನಿಂಗೂ ಆ ದಿನ ಬರ್ತದೆ. ಅವತ್ತು ಯಾರೂ ಎದ್ದು ಹೋಗದ ಹಾಗೆ ಆಗಲಿ." ಆಶೀರ್ವಾದವೋ ಶಾಪವೋ ಎಂದು ನಿರ್ಧರಿಸಲಾರದೆ ಮುರಾರಿಯವರು ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡರು.

ಆ ದಿನ ಬರುವುದಕ್ಕೆ ಮೊದಲು ಅವರ ಸುರಂಗ ಹೋಯಿತು. ಥಾಣೆಗೂ ದಿವಾಕ್ಕೂ ನಡುವೆ ಹೊಸ ಹಳಿಗಳು ಬಿದ್ದು, ಫಾಸ್ಟ್ ಲೋಕಲ್‌ಗಳು ಗುಡ್ಡದ ಹೊಟ್ಟೆಯನ್ನು ಬಿಟ್ಟು ಮುಂಬ್ರಾ, ಕಳ್ವಾಗಳ ಬಯಲು ಬೆಳಕಿನಲ್ಲಿ ಓಡತೊಡಗಿದವು. ಸುರಂಗ ದೂರದೂರಿನ ಎಕ್ಸ್‌ಪ್ರೆಸ್ ಗಾಡಿಗಳ ಪಾಲಾಯಿತು. ಜನರಿಗೆ ಅದೊಂದು ಸುದ್ದಿಯೇ ಅಲ್ಲ. ಮುರಾರಿಯವರು ಮಾತ್ರ ಹಳಿಯ ಪಕ್ಕದ ಖಾಡಿಯ ಹಿನ್ನೀರನ್ನು ನೋಡುತ್ತ, ಮಫ್ಲರಿನ ಗಂಟನ್ನು ಹಿಡಿದುಕೊಂಡು ನಿಂತರು. ವರ್ಷಗಟ್ಟಲೆ ಪಕ್ಕದಲ್ಲಿ ನಿಂತು ಬರುತ್ತಿದ್ದ ಮರಾಠಿ ಗೃಹಸ್ಥನೊಬ್ಬ, "ಕಾಕಾ, ಆಜ್ ಗಾಣಂ ನಾಹೀ ಕಾ?" ಎಂದು, ಇವತ್ತು ಹಾಡಿಲ್ಲವೇ ಎಂದು, ಕೇಳಿದನಂತೆ. ಅಷ್ಟು ವರ್ಷ ಒಬ್ಬ ಕೇಳುತ್ತಿದ್ದ ಎಂದು ಅವರಿಗೆ ಗೊತ್ತಾದದ್ದು ಅಂದೇ. ಆಮೇಲೆ ಅವರು ಪಾಸು ಮಾಡಿಸಲಿಲ್ಲ. ಸಾಧನೆ ನಿಂತ ಗಂಟಲು ತುಕ್ಕು ಹಿಡಿಯಲು ಎಷ್ಟು ಹೊತ್ತು? ಮರುವರ್ಷ ಕಲ್ಯಾಣದಲ್ಲೇ, ಯುದ್ಧದ ಪದ್ಯವೊಂದರ ನೆತ್ತಿಯಲ್ಲಿ, ತಾರಷಡ್ಜ ಎರಡಾಗಿ ಸೀಳಿತು. ಹಿಂದಿನ ಸಾಲಿನ ಹುಡುಗರು ನಕ್ಕರು, ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದರು, ಅದು ವಾಟ್ಸಾಪಿನಲ್ಲಿ ಡೊಂಬಿವಲಿಯಿಂದ ನೆರೂಳಿನವರೆಗೆ ಸುತ್ತಿತು. ಡಾಕ್ಟರು ಗಂಟಲಿಗೆ ವಿಶ್ರಾಂತಿ ಬೇಕೆಂದರು. ಜೀವಮಾನವಿಡೀ ಗಂಟಲಿಗೆ ವಿಶ್ರಾಂತಿ ಕೊಟ್ಟುಕೊಂಡೇ ಬಂದವರಿಗೆ ಈ ಸಲಹೆ ಎಷ್ಟು ಕ್ರೂರವೆಂದು ಪಾಪ ಡಾಕ್ಟರಿಗೇನು ಗೊತ್ತು.

ಮಂಡಳಿಯವರು ಅವರಿಗೆ ಥಾಣೆಯಲ್ಲಿ ಸನ್ಮಾನ ಇಟ್ಟುಕೊಂಡದ್ದು ಇದಾದ ಕೆಲವು ತಿಂಗಳಿಗೆ. ಸನ್ಮಾನವೆಂದ ಮೇಲೆ ಸನ್ಮಾನಿತರು ಹಾಡಬೇಡವೇ? ಮುರಾರಿಯವರು ಒಪ್ಪಿದರು, ಕಪ್ಪು ಮೂರರಲ್ಲೇ ಎಂದು ಹೇಳಿಯೂ ಕಳಿಸಿದರು. ಹಿಮ್ಮೇಳದವರು ಅಂದು ಸಂಜೆಯೇ ಒಬ್ಬರಿಗೊಬ್ಬರು ಫೋನು ಮಾಡಿದರು. ಮೂರು ದಶಕ ಅವರ ಮಗ್ಗುಲಲ್ಲಿ ಕುಳಿತು ಮದ್ದಳೆ ನುಡಿಸಿದ ಕಮಲಾಕ್ಷ, ಘಣಸೋಲಿಯಲ್ಲಿ ಕೇಟರಿಂಗ್ ನಡೆಸುವ ಚೆಂಡೆಯ ಲತೀಶ್, ಶ್ರುತಿಪೆಟ್ಟಿಗೆ ಹಿಡಿಯುವ ಶಿಷ್ಯೆ ಜ್ಯೋತ್ಸ್ನಾ, ಮೂವರೂ ಕಮಲಾಕ್ಷರ ಮನೆಯಲ್ಲಿ ಸೇರಿದರು. ಈ ಜ್ಯೋತ್ಸ್ನಾ ಕಳ್ವಾದಲ್ಲಿ ಹುಟ್ಟಿ ಬೆಳೆದವಳು, ಐರೋಲಿಯ ಕಂಪನಿಯೊಂದರಲ್ಲಿ ಕೆಲಸ. ಕನ್ನಡ ಓದಲು ಬಾರದೆ ಪದ್ಯಗಳನ್ನೆಲ್ಲ ದೇವನಾಗರಿಯಲ್ಲಿ ಬರೆದುಕೊಂಡು ಕಲಿತವಳು, ಗುರುವಿನ ಪಿಸುಮಾತನ್ನು ಎರಡನೆಯ ಸಲ ಕೇಳದೆ ಅರ್ಥಮಾಡಿಕೊಳ್ಳಬಲ್ಲವಳು ಅವಳೊಬ್ಬಳೇ.

ಕಮಲಾಕ್ಷರೇ ಮಾತು ತೆಗೆದರು. "ಇವ್ರು ಹೇಳಿದ್ರೆ ಕೇಳುವ ಜನ ಅಲ್ಲ. ಹೇಳದೆ ಮಾಡುವಾ. ಪೆಟ್ಟಿಗೆಯಲ್ಲಿ ಕಪ್ಪು ಎರಡು ಇಡುವಾ. ನಾನು ಕೆಳಗಿನ ಶ್ರುತಿಯ ಮದ್ದಳೆ ತರ್ತೇನೆ, ನೀನು ಚೆಂಡೆ ಇಳಿಸು."

"ಗೊತ್ತಾದ್ರೆ ಎಂತ ಮಾಡುದು ಮಾರಾಯ್ರೆ?" ಎಂದ ಲತೀಶ್. "ಸಭೆಯಲ್ಲೇ ಎದ್ದು ಹೋಗ್ತಾರೆ."

"ಗೊತ್ತಾಗ್ಲಿಕ್ಕಿಲ್ಲ. ಗಂಟಲಿಗೆ ಆದ ಪ್ರಾಯ ಕಿವಿಗೂ ಆಗಿರ್ತದೆ."

ಜ್ಯೋತ್ಸ್ನಾ ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡಳು. "ಅಂಕಲ್, ಇದು ಚೀಟಿಂಗ್ ಅಲ್ವಾ? ಮಲಾ ಬರಂ ನಾಹೀ ವಾಟತ್." ತನಗಿದು ಸರಿ ಕಾಣುತ್ತಿಲ್ಲವೆಂದಳು.

"ಮರ್ಯಾದೆ ಉಳಿಸುದು ಚೀಟಿಂಗಾ ಅಮ್ಮಾ?" ಎಂದರು ಕಮಲಾಕ್ಷ. ಅವರ ಕಣ್ಣು ಒದ್ದೆಯಾಗಿದ್ದುದನ್ನು ಕಂಡು ಅವಳು ಪೆಟ್ಟಿಗೆಯಲ್ಲಿ ಕಪ್ಪು ಎರಡು ಇಟ್ಟು ನೋಡಿದಳು. ಬೇರೆ ಯಾವ ಸಂಗೀತದಲ್ಲಾದರೂ ಒಬ್ಬ ಮನುಷ್ಯ ಗುಟ್ಟಾಗಿ ಶ್ರುತಿ ಇಳಿಸಿಬಿಡಬಹುದೇನೋ. ಯಕ್ಷಗಾನದಲ್ಲಿ ಚೆಂಡೆ, ಮದ್ದಳೆ, ಪೆಟ್ಟಿಗೆ ಮೂರೂ ಒಂದೇ ಮನಸ್ಸಿನಿಂದ ಕೆಳಗಿಳಿಯಬೇಕು. ಪ್ರೀತಿಸುವವರು ಒಟ್ಟಾಗದೆ ಇಂಥ ಮೋಸ ಸಾಧ್ಯವೇ ಇಲ್ಲ.

ಆ ಭಾನುವಾರ ಮಧ್ಯಾಹ್ನ ಸನ್ಮಾನದ ಆಟಕ್ಕೆ ಹಾಲ್ ಕಿಕ್ಕಿರಿದಿತ್ತು. ವಾಟ್ಸಾಪಿನ ತುಣುಕನ್ನು ನೋಡಿದವರೆಲ್ಲ ಬಂದಿದ್ದರು. ಅರ್ಧ ಜನ ಅಭಿಮಾನದಿಂದ, ಉಳಿದವರು ಏನಾಗುತ್ತದೋ ನೋಡೋಣವೆಂದು. ನಾನೂ ಐದನೆಯ ಸಾಲಿನಲ್ಲಿದ್ದೆ. ಮುರಾರಿಯವರು ಮುಂಡಾಸು ಸುತ್ತಿ, ಮಫ್ಲರನ್ನು ಮಡಚಿ ತೊಡೆಯ ಕೆಳಗಿಟ್ಟುಕೊಂಡು, ಕಣ್ಣು ಮುಚ್ಚಿ ಮೊದಲ ಸ್ವರ ಹಿಡಿದರು. ಹಿಡಿದದ್ದೇ ಒಂದು ಗಳಿಗೆ ನಿಂತರು. ಜಾಗಟೆಯ ಕೋಲು ಗಾಳಿಯಲ್ಲಿತ್ತು. ಅವರು ಎಡಕ್ಕೆ ಪೆಟ್ಟಿಗೆಯ ಕಡೆ ನೋಡಿದರು, ಬಲಕ್ಕೆ ಕಮಲಾಕ್ಷರ ಕಡೆ ನೋಡಿದರು. ಎಂದೂ ತಿರುಗದ ಆ ಕತ್ತು ಅಂದು ಎರಡೂ ಕಡೆ ತಿರುಗಿತು. ಕಮಲಾಕ್ಷ ಮದ್ದಳೆಯ ಮುಚ್ಚಿಗೆಯ ತೊಗಲನ್ನು ನೋಡುತ್ತಿದ್ದರು, ಜ್ಯೋತ್ಸ್ನಾ ತನ್ನ ಉಗುರನ್ನು. ಸಭೆಗೆ ಅದು ಹಿರಿಯ ಕಲಾವಿದನ ಭಾವೋದ್ವೇಗವಾಗಿ ಕಂಡಿತು. ಮರುಕ್ಷಣ ಕೋಲು ಜಾಗಟೆಗೆ ತಾಗಿತು, ಹಾಡು ಹೊರಟಿತು.

ಅಂಥ ಹಾಡನ್ನು ನಾನು ಮುಂಚೆ ಕೇಳಿರಲಿಲ್ಲ, ಇನ್ನು ಕೇಳುವುದೂ ಇಲ್ಲ. ವರ್ಷಾನುಗಟ್ಟಲೆ ಒಂದು ಎತ್ತರವನ್ನು ಕಾಯುವುದರಲ್ಲೇ ಸವೆದಿದ್ದ ಕಂಠ, ಆ ಕಾವಲು ತಪ್ಪಿದ್ದೇ ತಡ, ತನಗೆ ಇಷ್ಟೊಂದು ಮಾರ್ದವ ಗೊತ್ತಿತ್ತೆಂದು ತಾನೇ ಬೆರಗಾದಂತೆ ಹರಿಯತೊಡಗಿತು. ಕೊನೆಯ ಕರುಣರಸದ ಪದ್ಯದಲ್ಲಿ, ರಣರಂಗದಲ್ಲಿ ಬಿದ್ದವನ ತಾಯಿ ಬಂದು ಅಳುವಾಗ, ವೇಷಧಾರಿಯ ಕಣ್ಣಿನ ಕಾಡಿಗೆ ನಿಜವಾಗಿಯೂ ಕೆನ್ನೆಗಿಳಿಯಿತು. ತಾರಷಡ್ಜ ಬಂದಾಗ ಹಾಲ್ ಪೂರ್ತಿ ಉಸಿರು ಬಿಗಿಹಿಡಿಯಿತು. ಅದು ಸೀಳಲಿಲ್ಲ, ನಡುಗಲೂ ಇಲ್ಲ. ಹಿಂದೆ ನಕ್ಕಿದ್ದ ಹುಡುಗರೇ ಮೊದಲು ಎದ್ದು ನಿಂತರು. ಆಮೇಲೆ ಇಡೀ ಸಭೆ ಎದ್ದಿತು. ಯಾರೂ ಹೊರಗೆ ಹೋಗಲಿಲ್ಲ.

ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅಧ್ಯಕ್ಷರು ಮೈಕಿನಲ್ಲಿ, "ಮುರಾರಿ ಭಾಗವತರ ಕಪ್ಪು ಮೂರು ಇಂದಿಗೂ ಹಾಗೆಯೇ ಇದೆ ಎಂಬುದಕ್ಕೆ ಈ ಸಭೆಯೇ ಸಾಕ್ಷಿ" ಎಂದು ಘೋಷಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಮುರಾರಿಯವರು ಕೈಮುಗಿದು ನಿಂತಿದ್ದರು. ಅಭಿನಂದನೆಗೆ ಉತ್ತರವಾಗಿ ಎರಡು ಮಾತು ಎಂದು ಮೈಕನ್ನು ಬಾಯಿಗೆ ಹಿಡಿದರೆ ತುಟಿ ಅಲುಗಿತು, ಅಷ್ಟು ದೊಡ್ಡ ಸ್ಪೀಕರಿನಿಂದಲೂ ಏನೂ ಕೇಳಿಸಲಿಲ್ಲ. ವೇಷ ಕಟ್ಟುವ ಚೌಕಿಗೆ ಬಂದು ಮುಂಡಾಸನ್ನು ಒಂದೊಂದೇ ಸುತ್ತು ಬಿಚ್ಚಿ, ಮಡಿಕೆ ಮಾಡಿ, ಜಾಗಟೆಯ ಜೊತೆ ಜ್ಯೋತ್ಸ್ನಾಳ ಕೈಗೆ ಕೊಟ್ಟರು. ಅವಳು ಗಾಬರಿಯಿಂದ, "ಗುರುಗಳೇ, ಯಾಕೆ? ಸಬ್ ಠೀಕ್ ಹೈ ನಾ?" ಎಂದಳು. ಅವರು ಅವಳ ತಲೆ ಸವರಿ, ಕಮಲಾಕ್ಷರ ಕಡೆ ನೋಡಿ ನಕ್ಕು, "ಚಂದ ಆಯ್ತು" ಎಂದರು.

ಹಿಂತಿರುಗುವಾಗ ಗಂಗಾ ಹೆಂಗಸರ ಡಬ್ಬಿಗೆ ಹೋಗದೆ, ಶಾಲು, ಹಣ್ಣಿನ ಬುಟ್ಟಿಗಳ ನೆವದಲ್ಲಿ ಗಂಡನ ಜೊತೆಗೇ ಹತ್ತಿದರು. ಭಾನುವಾರದ ಸಂಜೆ, ಗಾಡಿಯಲ್ಲಿ ಕೂರಲು ಜಾಗವಿತ್ತು. ಕಳ್ವಾ ದಾಟಿ ಮುಂಬ್ರಾದ ಗುಡ್ಡ ಕಾಣಿಸುವವರೆಗೆ ಮುರಾರಿಯವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅಲ್ಲಿ ಗುಡ್ಡದ ಕಡೆಗೆ ಬೆರಳು ತೋರಿಸಿ, ಅದರ ಹೊಟ್ಟೆಯೊಳಗೆ ತಾನು ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಮೊದಲ ಬಾರಿಗೆ ಹೆಂಡತಿಗೆ ಹೇಳಿದರು. ಆಮೇಲೆ ಹೇಳಿದರು: "ಅವ್ರು ಇವತ್ತು ಕಪ್ಪು ಎರಡು ಇಟ್ಟಿದ್ರು ಗಂಗಾ."

"ನಿಮ್ಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ಸ್ವರಕ್ಕೇ. ಗಂಟಲು ನೋಯ್ಲಿಲ್ಲ."

"ಮತ್ತೆ ನಿಲ್ಲಿಸ್ಬಹುದಿತ್ತಲ್ಲ? ಎದ್ದು ಬರ್ಬಹುದಿತ್ತಲ್ಲ?"

ಅವರು ಶಾಲನ್ನು ಮಡಚಿ ಹಣ್ಣಿನ ಬುಟ್ಟಿಯ ಮೇಲಿಟ್ಟರು. "ಸುಖ ಆಯ್ತು" ಎಂದರು. "ಎಷ್ಟು ವರ್ಷದ ಮೇಲೆ ಹಾಡಿದ್ರೆ ಸುಖ ಆಯ್ತು. ಅದಕ್ಕೇ ನಿಲ್ಲಿಸ್ಲಿಲ್ಲ. ಅವ್ರದ್ದು ತಪ್ಪಿಲ್ಲ. ಇಳಿಸಿದ್ದು ಅವ್ರು, ಇಳಿದದ್ದು ನಾನು."

ಈ ಮಾತನ್ನು ಗಂಗಾ ನನಗೆ ಹೇಳಿದ್ದು ಕೆಲವು ವಾರಗಳ ನಂತರ, ಕಮಲಾಕ್ಷರಿಗೆ ಯಾವ ಕಾರಣಕ್ಕೂ ತಿಳಿಯಬಾರದೆಂಬ ಕರಾರಿನ ಮೇಲೆ. ಅಷ್ಟರಲ್ಲಿ ಕಮಲಾಕ್ಷರೂ ನನ್ನನ್ನು ಮೂಲೆಗೆ ಕರೆದು ತಮ್ಮ ಪಿತೂರಿಯನ್ನು ಹೆಮ್ಮೆಯಿಂದ ಅರುಹಿ, ಭಾಗವತರಿಗೆ ಮಾತ್ರ ಗೊತ್ತಾಗಬಾರದೆಂದು ಆಣೆ ಹಾಕಿಸಿದ್ದರು. ಹೀಗೆ ಎರಡು ಮನೆಯ ಗುಟ್ಟೂ ನನ್ನಲ್ಲಿ ಬಂದು ಕೂತಿದೆ. ಕಮಲಾಕ್ಷ ಪ್ರತಿಸಲ ಭೇಟಿಯಾದಾಗ, "ಸ್ವರ ಹಾಗೇ ಉಂಟಲ್ಲ ಭಾಗವತ್ರೆ, ಯಾಕೆ ಬಿಟ್ಟದ್ದು? ಬರುವ ಭಾನುವಾರ ಬನ್ನಿ" ಎನ್ನುತ್ತಾರೆ. ಮುರಾರಿಯವರು, "ಮತ್ತೆ ನೋಡುವ" ಎನ್ನುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಿದ್ದಾರೆ, ಇಬ್ಬರೂ 'ಇವರಿಗೆ ಗೊತ್ತಿಲ್ಲ' ಎಂದುಕೊಂಡೇ ನಗುತ್ತಾರೆ. ನೋಡುವುದಕ್ಕೆ ನನಗೆ ಕಷ್ಟವಾಗುತ್ತದೆ.

ಸನ್ಮಾನದ ಮರುವಾರವೇ ನಮ್ಮ ಸೊಸೈಟಿಯವರು ಒಂದು ಬದಲಾವಣೆಯನ್ನು ಗಮನಿಸಿದರು. ಮುರಾರಿ ಭಾಗವತರು ಜೋರಾಗಿ ಮಾತಾಡತೊಡಗಿದ್ದರು. ಮೊದಲು ಕೆಳಗಿನಿಂದ ಹೆಂಡತಿಯನ್ನು ಕೂಗಿ ಚೀಲ ಇಳಿಸಲು ಹೇಳಿದರು. ಎರಡು ವಿಂಗಿನ ಕಿಟಕಿಗಳೂ ತೆರೆದುಕೊಂಡವು. ಬೆಂಡೆಕಾಯಿಯವಳ ಜೊತೆ ಚೌಕಾಸಿ ಮಾಡಿದರು. ಅವಳು ಹೆದರಿ ದರ ಇಳಿಸಿದಳು. ಸೊಸೈಟಿಯ ಮೀಟಿಂಗಿನಲ್ಲಿ ನೀರಿನ ಟ್ಯಾಂಕಿನ ಬಗ್ಗೆ ಜಗಳವಾಡಿದರು, ಮರಾಠಿಯಲ್ಲಿ. ಮಫ್ಲರ್ ಹೋಯಿತು, ಫ್ರಿಜ್ಜಿನ ನೀರು ಬಂತು, ಒಂದು ಮದುವೆಯಲ್ಲಿ ಎರಡನೆಯ ಬಟ್ಟಲು ಐಸ್‌ಕ್ರೀಮನ್ನು ಕೇಳಿ ಹಾಕಿಸಿಕೊಂಡರು. ಜನ ಸಂತೋಷಪಟ್ಟರು. ಭಾಗವತರು ಕೊನೆಗೂ ಮನುಷ್ಯರಾದರು, ಸನ್ಮಾನ ಆದದ್ದು ಎಷ್ಟು ಒಳ್ಳೆಯದಾಯಿತು ಎಂದರು. ಗಂಗಾ ಮಾತ್ರ ಒಂದು ಮಧ್ಯಾಹ್ನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವ್ರು ನಾಲ್ಕು ಮಾತು ಗಟ್ಟಿಯಾಗಿ ಆಡ್ಲಿ ಅಂತ ಮದುವೆ ಆದಾಗಿಂದ ಆಸೆ ಪಟ್ಟವಳು ನಾನು. ಈಗ ಇಡೀ ದಿನ ಮಾತಾಡ್ತಾರೆ. ನಂಗೆ ಕೇಳ್ಲಿಕ್ಕೆ ಆಗುದಿಲ್ಲ."

ಹೊರಗೆ ಮೆಟ್ಟಿಲಲ್ಲಿ ಅವರ ದನಿ ಕೇಳಿಸುತ್ತಿತ್ತು. ಲಿಫ್ಟಿನ ಬಗ್ಗೆ ವಾಚ್‌ಮನ್ನನಿಗೆ ಏನೋ ಹೇಳುತ್ತಿದ್ದರು; ದೊಡ್ಡ ದನಿ, ತುಂಬಿದ ದನಿ, ಈಗಲೂ ಒಂದು ಹಾಲನ್ನು ತುಂಬಬಲ್ಲ ದನಿ.

ಕೆಲವರು ಹೀಗಿರುತ್ತಾರೆ. ಲೋಕ ಕೊಡಬಹುದಾಗಿದ್ದ ದೊಡ್ಡದೆಲ್ಲ ಕೈತಪ್ಪಿದ ಮೇಲೆ, ಯಾರಿಗೂ ಬೇಕಿಲ್ಲದ ಒಂದು ಸಣ್ಣ ಎತ್ತರವನ್ನು ಆರಿಸಿಕೊಂಡು ಅದನ್ನೇ ಊರು, ಮನೆ, ಮಾನವೆಂದು ಕಾಯುತ್ತ ಕೂರುತ್ತಾರೆ. ಅವರ ಕಾವಲು ನಮಗೆ ತಮಾಷೆಯಾಗಿ ಕಾಣುತ್ತದೆ, ಸ್ವಲ್ಪ ಕಿರಿಕಿರಿಯೂ ಆಗುತ್ತದೆ. ವೈರಿಗಳು ನಕ್ಕಾಗ ಅವರು ಜಗ್ಗುವುದಿಲ್ಲ, ಕಾಲ ಕಚ್ಚಿದಾಗಲೂ ಹಲ್ಲು ಕಚ್ಚಿ ನಿಲ್ಲುತ್ತಾರೆ. ಅವರನ್ನು ಕೆಳಗಿಳಿಸಲು ಕೊನೆಗೆ ಬರುವವರು ಅವರ ನೋವನ್ನು ನೋಡಲಾರದ ಆಪ್ತರೇ. ಇಳಿದ ಮೇಲೆ ನೆಲ ಸುಖವಾಗಿರುತ್ತದೆ, ನೆರೆದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಅವರು ನಮ್ಮ ಹಾಗೆಯೇ ಬದುಕುತ್ತಾರೆ, ಗಟ್ಟಿಯಾಗಿ ಮಾತಾಡಿಕೊಂಡು, ತಣ್ಣಗಿನ ನೀರು ಕುಡಿದುಕೊಂಡು. ಉಳಿಸಿಡಬೇಕಾದದ್ದು ಅವರಲ್ಲಿ ಇನ್ನೇನೂ ಇರುವುದಿಲ್ಲ.